ಕಣ್ಣುರೆಪ್ಪೆಯ ಮೇಲೆ ನಮ್ಮ ಪ್ರಯೋಗಗಳು

ಕಣ್ಣುರೆಪ್ಪೆ ಒಣಗಿ, ಕೆಂಪಾಗಿ, ಸಿಪ್ಪೆ ಏಳತೊಡಗಿದರೆ ನಮ್ಮಲ್ಲಿ ಮೊದಲು ಹುಟ್ಟುವ ಪ್ರಶ್ನೆ 'ಏನು ಹಚ್ಚಲಿ?' ಎಂಬುದು. ಮನೆಯಲ್ಲಿ ಅಜ್ಜಿಯಿದ್ದರೆ ಹರಳೆಣ್ಣೆ, ಹಿತ್ತಲಿದ್ದರೆ ಲೋಳೆಸರ, ಬೀದಿ ತುದಿಯಲ್ಲಿ ಮೆಡಿಕಲ್ ಶಾಪ್ ಇದ್ದರೆ ಒಂದು ಟ್ಯೂಬು. 'ಏನು ಹಚ್ಚಿಕೊಂಡಿದ್ದರಿಂದ ಹೀಗಾಯಿತು?' ಎಂದು ಕೇಳುವವರು ಕಡಿಮೆ. ಚಾಲ್ತಿಯಲ್ಲಿರುವ ಉಪಚಾರಗಳನ್ನೆಲ್ಲ ತೂಗಿ ನೋಡಿದರೆ ಅವುಗಳ ದೊಡ್ಡ ಕೊರತೆ ಈ ಎರಡನೆಯ ಪ್ರಶ್ನೆಯನ್ನು ಬಿಟ್ಟುಬಿಟ್ಟದ್ದೇ ಎನಿಸುತ್ತದೆ.

ರೆಪ್ಪೆಯ ಚರ್ಮ ನಮ್ಮ ಮೈಯಲ್ಲೇ ಅತಿ ತೆಳುವಾದದ್ದು. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಬೇರೆ ಕಡೆಯ ಚರ್ಮ ಸಹಿಸಿಕೊಳ್ಳುವುದನ್ನು ಇದು ಸಹಿಸುವುದಿಲ್ಲ. ಹಾಗಾಗಿ ಮೈಯ ಇನ್ನೆಲ್ಲೋ ಹಚ್ಚಿದ್ದರ ದಂಡವನ್ನು ರೆಪ್ಪೆ ತೆರುತ್ತದೆ. ಉಗುರಿನ ಬಣ್ಣವನ್ನೇ ನೋಡಿ. ಅದರೊಳಗಿನ ರಾಳ ಕೆಲವರಿಗೆ ಒಗ್ಗುವುದಿಲ್ಲ. ಆದರೆ ಬೆರಳ ತುದಿಯ ಚರ್ಮ ದಪ್ಪ, ಅಲ್ಲಿ ಏನೂ ಕಾಣದೆ ಹೋಗಬಹುದು. ಅದೇ ಬೆರಳಿನಿಂದ ದಿನಕ್ಕೆ ಹತ್ತಾರು ಸಲ ಕಣ್ಣುಜ್ಜಿಕೊಳ್ಳುತ್ತೇವೆ. ಕೆಂಪು ಮೂಡುವುದು ರೆಪ್ಪೆಯ ಮೇಲೆ. ಕೂದಲಿನ ಬಣ್ಣದ್ದೂ ಇದೇ ಕಥೆ. ಹಚ್ಚಿದ ದಿನ ಏನೂ ಆಗುವುದಿಲ್ಲ. ಒಂದೆರಡು ದಿನ ಕಳೆದ ಮೇಲೆ ರೆಪ್ಪೆ ಊದಿಕೊಳ್ಳುತ್ತದೆ. ಅಷ್ಟರಲ್ಲಿ ಬಣ್ಣದ ವಿಷಯ ಮರೆತುಹೋಗಿ, ಹಿಂದಿನ ರಾತ್ರಿ ತಿಂದ ಬದನೆಕಾಯಿಯ ಮೇಲೆ ಅಪವಾದ ಬಂದಿರುತ್ತದೆ.

ನಮ್ಮ ಊರುಗಳಲ್ಲಿ ಇನ್ನೊಂದು ಕಾರಣ ಗಾಳಿಯಲ್ಲೇ ಇದೆ. ಪಾರ್ಥೇನಿಯಂ, ಅಂದರೆ ಜನ ಕಾಂಗ್ರೆಸ್ ಗಿಡ ಎನ್ನುವ ಕಳೆ, ಇದರ ಪುಡಿ ಗಾಳಿಯಲ್ಲಿ ತೇಲಿ ಬಂದು ರೆಪ್ಪೆಯಲ್ಲಿ, ಕತ್ತಿನ ಮಡಿಕೆಗಳಲ್ಲಿ, ಮೊಣಕೈ ಸಂದಿಯಲ್ಲಿ ಕೂರುತ್ತದೆ. ಹೊಲದಲ್ಲಿ ದುಡಿಯುವವರ ಮುಖ ವರ್ಷವರ್ಷವೂ ಕಪ್ಪಿಟ್ಟು, ಒರಟಾಗಿ, ರೆಪ್ಪೆ ದಪ್ಪಗಾಗುವುದರ ಹಿಂದೆ ಅನೇಕ ಸಲ ಈ ಗಿಡವಿರುತ್ತದೆ. ಇದನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು; ಜೀರುಂಡೆ ಬೇರೂರಿತು, ಗಿಡ ಮಾತ್ರ ಹೋಗಲಿಲ್ಲ. ಇಂಥ ರೋಗಿಗೆ ಬರೀ ಮುಲಾಮು ಕೊಟ್ಟು ಕಳಿಸುವ ವೈದ್ಯ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ಮನೆ ಸುತ್ತ ಗಿಡವಿದೆಯೇ ಎಂದು ಕೇಳಬೇಕು, ಅದನ್ನು ನೀವೇ ಕೈಯಿಂದ ಕೀಳಬೇಡಿ ಎಂದೂ ಹೇಳಬೇಕು.

ಮನೆಮದ್ದುಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಶುದ್ಧ ಕೊಬ್ಬರಿ ಎಣ್ಣೆಯ ತೆಳುಪಸೆ ಬಹಳ ಜನರಿಗೆ ಒಗ್ಗುತ್ತದೆ. ತೊಂದರೆಯಿರುವುದು 'ಶುದ್ಧ' ಎಂಬಲ್ಲಿ. ಕಪಾಟಿನಲ್ಲಿರುವ ಬಾಟಲಿ ಸಾಮಾನ್ಯವಾಗಿ ಮಲ್ಲಿಗೆಯ ಪರಿಮಳ ಸೇರಿಸಿದ ತಲೆಗೂದಲ ಎಣ್ಣೆ, ಪರಿಮಳದ್ರವ್ಯವೋ ರೆಪ್ಪೆಯ ಹಳೆಯ ಶತ್ರು. ಲೋಳೆಸರದ ಎಲೆ ಮುರಿದಾಗ ಸಿಪ್ಪೆಯಡಿಯಿಂದ ಒಸರುವ ಹಳದಿ ರಸ ಚರ್ಮವನ್ನು ಕೆರಳಿಸುತ್ತದೆ. ಅರಿಸಿನ, ನಿಂಬೆರಸಗಳನ್ನು ಕಣ್ಣಿನ ಹತ್ತಿರಕ್ಕೂ ತರಬಾರದು. 'ನೈಸರ್ಗಿಕ' ಎಂಬ ಚೀಟಿ ಅಂಟಿಸಿದ್ದೆಲ್ಲ ಸೌಮ್ಯವೆಂಬ ನಂಬಿಕೆಯನ್ನು ಕಾಂಗ್ರೆಸ್ ಗಿಡವೊಂದೇ ಸುಳ್ಳು ಮಾಡಬಲ್ಲದು, ಅದೂ ನೈಸರ್ಗಿಕವೇ.

ಆದರೆ ಮನೆಮದ್ದಿನಿಂದಾಗುವ ಹಾನಿ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಆಗುವ ಹಾನಿಯ ಮುಂದೆ ಏನೂ ಅಲ್ಲ. ಅಲ್ಲಿ ನಡೆಯುವುದಿಷ್ಟು: 'ಅಣ್ಣಾ, ಕಣ್ಣ ಮೇಲೆ ನವೆ, ಏನಾದ್ರೂ ಕೊಡಿ.' ಅಣ್ಣ ತಲೆಯೆತ್ತದೆ ಹಿಂದಿನ ಅರೆಯಿಂದ ಟ್ಯೂಬೊಂದನ್ನು ತೆಗೆದು ಕೊಡುತ್ತಾನೆ. ಆ ಟ್ಯೂಬನ್ನು ಬೆಳಕಿಗೆ ಹಿಡಿದು ಹಿಂಬದಿಯ ಸಣ್ಣಕ್ಷರ ಓದಿದರೆ ಬಹಳ ಸಲ ಮೂರು ಹೆಸರುಗಳು ಸಿಗುತ್ತವೆ: ಕ್ಲೋಬೆಟಾಸಾಲ್, ನಿಯೊಮೈಸಿನ್, ಮೈಕೊನಜೋಲ್. ಮೊದಲನೆಯದು ಹಚ್ಚುವ ಸ್ಟೆರಾಯ್ಡುಗಳಲ್ಲೇ ಅತ್ಯಂತ ಪ್ರಬಲವಾದ ಗುಂಪಿಗೆ ಸೇರಿದ್ದು. ಎರಡನೆಯದು ತಾನೇ ಅಲರ್ಜಿ ಹುಟ್ಟಿಸುವುದಕ್ಕೆ ಹೆಸರಾದ ಆಂಟಿಬಯಾಟಿಕ್. ಮೂರನೆಯದು ಶಿಲೀಂಧ್ರಕ್ಕೆ, ರೆಪ್ಪೆಯಲ್ಲಿ ಶಿಲೀಂಧ್ರ ಇದೆಯೆಂದು ಯಾರೂ ನೋಡಿಲ್ಲ. ಈ ಜೋಡಣೆಯ ಅವಿವೇಕ ನೋಡಿ: ಒಂದು ಮದ್ದು ಅಲರ್ಜಿ ಎಬ್ಬಿಸಬಹುದು, ಇನ್ನೊಂದು ಅದನ್ನು ಮುಚ್ಚಿಡುತ್ತದೆ. ಎರಡು ದಿನದಲ್ಲಿ ಕೆಂಪು ಹೋಗುತ್ತದೆ, ಜನ ಟ್ಯೂಬನ್ನು ಹೊಗಳುತ್ತಾರೆ. ನಿಲ್ಲಿಸಿದ ವಾರದಲ್ಲಿ ಉರಿ ಮರಳುತ್ತದೆ, ಮತ್ತೆ ಹಚ್ಚುತ್ತಾರೆ. ತಿಂಗಳುಗಟ್ಟಲೆ ಹೀಗೆಯೇ ಸಾಗಿದರೆ ತೆಳುಚರ್ಮ ಇನ್ನಷ್ಟು ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ. ಮದ್ದು ಕಣ್ಣಿನೊಳಗೂ ಇಳಿಯುವುದರಿಂದ ಕಣ್ಣಿನ ಒತ್ತಡ ಏರಿ ಗ್ಲಾಕೋಮ ಬರಬಹುದು, ಪೊರೆ ಬೇಗ ಬೆಳೆಯಬಹುದು. ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ಡಬ್ಬಿಯ ಮೇಲೆ ಎಚ್ಚರಿಕೆ ಅಚ್ಚಾಗಿರುತ್ತದೆ. ಕೌಂಟರಿನಲ್ಲಿ ಅದನ್ನು ಓದುವವರಿಲ್ಲ.

ಸ್ಟೆರಾಯ್ಡ್ ಎಂದರೆ ವಿಷವೆಂದು ಹೆದರಿಸುವುದೂ ತಪ್ಪೇ. ಸೌಮ್ಯವಾದ ಹೈಡ್ರೊಕಾರ್ಟಿಸೋನ್ ಅನ್ನು ವೈದ್ಯರು ಕೆಲವೇ ದಿನಗಳ ಮಟ್ಟಿಗೆ ಬರೆದುಕೊಟ್ಟರೆ ಅದು ಸರಿಯಾದ ಚಿಕಿತ್ಸೆ. ಹೆಚ್ಚು ಕಾಲ ಬೇಕಾದವರಿಗೆ ಸ್ಟೆರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮಿದೆ. ಅದನ್ನು ಹಚ್ಚಿದ ಮೊದಲ ಕೆಲವು ದಿನ ಉರಿಯುತ್ತದೆಂಬುದನ್ನು ವೈದ್ಯರು ಮೊದಲೇ ಹೇಳದಿದ್ದರೆ ರೋಗಿ ಎರಡನೇ ದಿನವೇ ಅದನ್ನು ಮೂಲೆಗೆಸೆಯುತ್ತಾನೆ.

ನನ್ನ ಲೆಕ್ಕದಲ್ಲಿ ಹೆಚ್ಚು ಅಂಕ ಗಳಿಸುವ ಪದ್ಧತಿ ಎಲ್ಲಕ್ಕಿಂತ ನೀರಸವಾದದ್ದು: ಕಾಡಿಗೆ, ಮೇಕಪ್, ಪರಿಮಳದ ಕ್ರೀಮು, ಉಗುರಿನ ಬಣ್ಣ ಎಲ್ಲವನ್ನೂ ಕೆಲವು ವಾರ ನಿಲ್ಲಿಸುವುದು, ಮುಖಕ್ಕೆ ಸೋಪು ಬಿಟ್ಟು ಬರೀ ತಣ್ಣೀರು ಬಳಸುವುದು, ಒರೆಸದೆ ಒತ್ತಿ ಆರಿಸುವುದು, ತುಸು ತೇವವಿರುವಾಗಲೇ ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರುವುದು. 1872ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಈ ಜೆಲ್ಲಿಗಿಂತ ದುಬಾರಿ 'ಐ ಕ್ರೀಮು'ಗಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆಂದು ನನಗನಿಸಿಲ್ಲ. ಜೆಲ್ಲಿಯಲ್ಲಿ ನೀರಿಲ್ಲ, ಹಾಗಾಗಿ ಕೆಡದಂತೆ ಇಡುವ ರಾಸಾಯನಿಕಗಳ ಅಗತ್ಯವೂ ಇಲ್ಲ. ಅಲರ್ಜಿ ಅತಿ ಅಪರೂಪ. ರೆಪ್ಪೆಗೂದಲ ಬುಡದಲ್ಲಿ ಹೊಟ್ಟಿನಂತೆ ಕಟ್ಟಿಕೊಂಡಿದ್ದರೆ ಮಾತ್ರ ಲೆಕ್ಕ ಬೇರೆ. ಅದಕ್ಕೆ ಬಿಸಿನೀರ ಬಟ್ಟೆಯ ಶಾಖ, ರೆಪ್ಪೆಯಂಚಿನ ಶುಚಿ ಬೇಕು.

ಇಷ್ಟಾದರೂ ಮರುಕಳಿಸುತ್ತಿದ್ದರೆ ಪ್ಯಾಚ್ ಟೆಸ್ಟ್ ಇದೆ. 1895ರಷ್ಟು ಹಳೆಯ ಪರೀಕ್ಷೆ. ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, ಎರಡು ದಿನದ ಮೇಲೆ ತೆಗೆದು ನೋಡಿ, ಮತ್ತೆರಡು ದಿನಕ್ಕೆ ಇನ್ನೊಮ್ಮೆ ನೋಡುತ್ತಾರೆ. ಬೆನ್ನಿಗೆ ನೀರು ತಾಕಿಸುವಂತಿಲ್ಲ, ಆಸ್ಪತ್ರೆಗೆ ಮೂರು ಸಲ ಅಲೆಯಬೇಕು. ಕೂಲಿ ಬಿಟ್ಟು ಬರುವವರಿಗೆ ಇದು ಸಣ್ಣ ಮಾತಲ್ಲ. ಆದರೂ ಮೂಲ ಕಾರಣದ ಹೆಸರು ಹಿಡಿದು ಹೇಳುವ ದಾರಿ ಇದೊಂದೇ. ವರ್ಷಗಟ್ಟಲೆ ಟ್ಯೂಬಿಗೆ ಸುರಿಯುವ ಹಣ ಇದಕ್ಕೆ ಹೋಗುವುದು ಮೇಲು.

ಕಣ್ಣು ನೋಯುತ್ತಿದ್ದರೆ, ದೃಷ್ಟಿ ಮಂಜಾಗಿದ್ದರೆ, ಬೆಳಕು ನೋಡಲಾಗದಿದ್ದರೆ, ಹಣೆಯ ಒಂದೇ ಬದಿಯಲ್ಲಿ ನೀರುಗುಳ್ಳೆ ಎದ್ದಿದ್ದರೆ ಮೇಲಿನ ಯಾವುದನ್ನೂ ಪ್ರಯೋಗಿಸುತ್ತ ಕೂರಬೇಡಿ. ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಹೋಗುವಾಗ ಈವರೆಗೆ ಹಚ್ಚಿದ ಟ್ಯೂಬು, ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.