‘ಅಲ್ಪವಿಷ’ ಎಂಬ ಕಾಲಂ: ಒಂದು ವಿಮರ್ಶೆ

ಶಾಲೆಯ ಗೋಡೆಯ ಮೇಲೆ ಅಥವಾ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಹಾವುಗಳ ಪಟವನ್ನು ನೀವು ನೋಡಿರಬಹುದು. ಅದರಲ್ಲಿ ಸಾಮಾನ್ಯವಾಗಿ ಮೂರು ಕಾಲಂಗಳಿರುತ್ತವೆ: ವಿಷದ ಹಾವು, ಅಲ್ಪವಿಷದ ಹಾವು, ವಿಷವಿಲ್ಲದ ಹಾವು. ಇವುಗಳಲ್ಲಿ ನಡುವಿನ ಕಾಲಂ ಹೇಳುವುದು ಸುಳ್ಳಲ್ಲ. ಆದರೆ ಅದನ್ನು ಓದಿದವರು ಗ್ರಹಿಸುವ ಅರ್ಥ ಬೇರೆ. ಆ ವ್ಯತ್ಯಾಸ ಪ್ರಾಣಕ್ಕೇ ಸಂಬಂಧಿಸಿದ್ದರಿಂದ ಅದನ್ನು ಪರಿಶೀಲಿಸುವುದು ಅಗತ್ಯ.

ಬೆಂಗಳೂರಿನ ಜಾಲಹಳ್ಳಿಯನ್ನೇ ತೆಗೆದುಕೊಳ್ಳೋಣ. 1950ರ ದಶಕದಲ್ಲಿ ಎಚ್.ಎಂ.ಟಿ. ಮತ್ತು ಬಿ.ಇ.ಎಲ್. ಕಾರ್ಖಾನೆಗಳು ಬಂದ ಮೇಲೆ ಅಲ್ಲಿ ಮರಗಿಡಗಳಿಂದ ಕೂಡಿದ ವಸತಿ ಕಾಲೊನಿಗಳು ಬೆಳೆದವು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಇಂಥ ಕಡೆ ಪೊದೆ, ಖಾಲಿ ನಿವೇಶನ, ಗುಜರಿ ರಾಶಿ ಇದ್ದರೆ ಇಲಿ, ಹಲ್ಲಿ, ಓತಿಕ್ಯಾತಗಳಿರುತ್ತವೆ. ಅವುಗಳನ್ನು ಹುಡುಕಿ ಹಾವುಗಳೂ ಬರುತ್ತವೆ. ಬೆಂಗಳೂರು ಸೀಮೆಯಲ್ಲಿ ಪಟದ ನಡುವಿನ ಕಾಲಂಗೆ ಸೇರುವವು ಮುಖ್ಯವಾಗಿ ಎರಡು: ಬಳ್ಳಿಯಂತೆ ತೆಳ್ಳಗಿರುವ, ಚೂಪು ಮೂತಿಯ ಹಸಿರುಹಾವು ಮತ್ತು ರಾತ್ರಿ ಸಂಚರಿಸುವ ಬೆಕ್ಕುಹಾವು.

ಇವುಗಳ ವಿಷದಂತಗಳು ನಾಗರಹಾವಿನಂತೆ ಬಾಯಿಯ ಮುಂಭಾಗದಲ್ಲಿಲ್ಲ; ಮೇಲ್ದವಡೆಯ ಹಿಂಭಾಗದಲ್ಲಿವೆ. ಅವು ಸೂಜಿಯಂತೆ ಟೊಳ್ಳಾಗಿಲ್ಲ, ಪಕ್ಕದಲ್ಲಿ ಗಾಡಿ ಇದೆ. ವಿಷವನ್ನು ತಯಾರಿಸುವುದು ಡುವೆರ್ನಾಯ್ ಗ್ರಂಥಿ. ಅದಕ್ಕೆ ವಿಷವನ್ನು ರಭಸದಿಂದ ಹೊರದೂಡುವ ವ್ಯವಸ್ಥೆ ಇಲ್ಲದ್ದರಿಂದ ಹಾವು ಬೇಟೆಯನ್ನು ಕಚ್ಚಿ ಹಿಡಿದು ಅಗಿಯಬೇಕಾಗುತ್ತದೆ. ವಿಷದ ಗುಣವೂ ಬೇರೆ. ಆಗ್ನೇಯ ಏಷ್ಯಾದ ಒಂದು ಬೆಕ್ಕುಹಾವಿನ ವಿಷದಲ್ಲಿ ಪಕ್ಷಿಗಳ ನರಗಳಿಗೆ ತೀವ್ರವಾಗಿಯೂ ಸಸ್ತನಿಗಳಿಗೆ ಅತಿ ಕಡಿಮೆಯಾಗಿಯೂ ತಾಗುವ ಪ್ರೋಟೀನು 2006ರಲ್ಲಿ ಪತ್ತೆಯಾಯಿತು. ವಿಷ ‘ಅಲ್ಪ’ವೋ ‘ಬಹಳ’ವೋ ಎನ್ನುವುದು ಕಚ್ಚಿಸಿಕೊಂಡವರು ಯಾರು ಎಂಬುದನ್ನೂ ಅವಲಂಬಿಸಿದೆ! ಓತಿಕ್ಯಾತಕ್ಕೆ ಅದು ಅಲ್ಪವಿಷವಲ್ಲ.

ಹಾಗಾದರೆ ಮನುಷ್ಯರಿಗೆ ಅಪಾಯವಿದೆಯೆ? ನಮ್ಮ ಹಸಿರುಹಾವು ಅಥವಾ ಬೆಕ್ಕುಹಾವು ಕಚ್ಚಿದರೆ ಸಾಮಾನ್ಯವಾಗಿ ಸ್ವಲ್ಪ ನೋವು, ಊತ, ತುರಿಕೆ ಉಂಟಾಗಿ ತಾನಾಗಿಯೇ ಇಳಿಯುತ್ತವೆ. ಹಸಿರುಹಾವು ಕಣ್ಣಿಗೇ ಕುಕ್ಕುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಅಮೆರಿಕದಲ್ಲಿ ಹಲವರು ಮನೆಯಲ್ಲಿ ಸಾಕುವ ಹಾಗ್‌ನೋಸ್ ಹಾವಿನ ಕಡಿತವೂ ಬಹುಮಟ್ಟಿಗೆ ಊತದಲ್ಲೇ ಮುಗಿಯುತ್ತದೆ. ಆದರೆ ರಕ್ತದ ಪ್ಲೇಟ್‌ಲೆಟ್‌ಗಳು ಇಳಿದ ಪ್ರಕರಣವೊಂದು 2019ರಲ್ಲಿ ವರದಿಯಾಯಿತು. ಇಷ್ಟರ ಮಟ್ಟಿಗೆ ಪಟ ಸರಿ. ಅದನ್ನು ನೋಡಿ ಹಸಿರುಹಾವನ್ನು ಹೊಡೆಯದೆ ಬಿಟ್ಟವರಿದ್ದರೆ ಅದು ಪಟದ ಸಾಧನೆ.

ನಮ್ಮ ಆಕ್ಷೇಪಣೆಗಳು ಮೂರು.

ಒಂದು: ‘ಅಲ್ಪವಿಷ’ ಎಂಬುದು ಹಾವಿನ ಶಾಶ್ವತ ಲಕ್ಷಣವಲ್ಲ, ಈವರೆಗಿನ ಕಡಿತಗಳ ಅನುಭವದಿಂದ ತೆಗೆದ ತೀರ್ಮಾನ. ಅನುಭವ ಹೆಚ್ಚಿದಂತೆ ತೀರ್ಮಾನ ಬದಲಾಗಬಹುದು. 1957ರಲ್ಲಿ ಷಿಕಾಗೋ ನಗರದ ಉರಗತಜ್ಞ ಕಾರ್ಲ್ ಷ್ಮಿಟ್ ಅವರನ್ನು ಆಫ್ರಿಕದ ಬೂಮ್‌ಸ್ಲ್ಯಾಂಗ್ ಎಂಬ ಹಾವಿನ ಮರಿ ಹೆಬ್ಬೆರಳಿಗೆ ಕಚ್ಚಿತು. ಅದೂ ಹಿಂದಂತದ ಹಾವೇ. ಅವರು ಚಿಕಿತ್ಸೆ ಪಡೆಯದೆ ತಮ್ಮ ದೇಹದಲ್ಲಾದ ಬದಲಾವಣೆಗಳನ್ನು ಬರೆದಿಡುತ್ತಾ ಹೋದರು. ಮರುದಿನ ರಕ್ತಸ್ರಾವದಿಂದ ತೀರಿಕೊಂಡರು. ಜಪಾನಿನ ಯಮಕಗಾಶಿ ಹಾವನ್ನೂ ಬಹುಕಾಲ ನಿರುಪದ್ರವಿ ಎಂದೇ ತಿಳಿಯಲಾಗಿತ್ತು, ಅದರ ಕಡಿತದಿಂದ ಸಾವು ಸಂಭವಿಸುವವರೆಗೆ. ನಮ್ಮ ಪಶ್ಚಿಮ ಘಟ್ಟದ ಉಬ್ಬುಮೂಗಿನ ಗುಳಿಮಂಡಲವು ಮುಂದಂತದ ಮಂಡಲದ ಹಾವಾದರೂ ಅದರ ಕಡಿತ ಗಂಭೀರವಲ್ಲ ಎಂಬ ಅಭಿಪ್ರಾಯವಿತ್ತು. ಅದರಿಂದ ಪ್ರಾಣಾಪಾಯದ ಸ್ಥಿತಿ ಉಂಟಾದ ಪ್ರಕರಣಗಳನ್ನು 2007ರಲ್ಲಿ ಕೇರಳದ ವೈದ್ಯರು ಹಾವಿನ ಖಚಿತ ಗುರುತಿನೊಡನೆ ಪ್ರಕಟಿಸಿದರು. ನಮ್ಮ ದೇಶದ ಬಹುವಿಷ ಪ್ರತಿವಿಷ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷದಿಂದ ಮಾತ್ರ. ಗುಳಿಮಂಡಲದ ಕಡಿತಕ್ಕೆ ಅದು ಪರಿಹಾರವಲ್ಲ.

ಎರಡು: ಪಟ ಉಪಯೋಗಕ್ಕೆ ಬರಬೇಕಾದರೆ ಕಚ್ಚಿದ ಹಾವು ಯಾವುದೆಂದು ಖಚಿತವಾಗಿ ತಿಳಿದಿರಬೇಕು. ಬೆಕ್ಕುಹಾವು ಮತ್ತು ಗರಗಸಮಂಡಲ ಎರಡೂ ಕಂದು ಬಣ್ಣದವು, ಎರಡರದೂ ಅಗಲ ತಲೆ, ಸೀಳಿದಂಥ ಪಾಪೆ. ಕೆಣಕಿದರೆ ಎರಡೂ ಸುರುಳಿ ಸುತ್ತಿ ಎರಗುತ್ತವೆ. ಒಂದು ನಡುವಿನ ಕಾಲಂನಲ್ಲಿದೆ, ಇನ್ನೊಂದು ಮೊದಲನೆಯದರಲ್ಲಿ. ವಿಷವಿಲ್ಲದ ತೋಳಹಾವಿಗೂ ಕಟ್ಟುಹಾವಿಗೂ ಇಂಥದೇ ಹೋಲಿಕೆ. ರಾತ್ರಿ ಪಾಳಿ ಮುಗಿಸಿ ಕತ್ತಲಲ್ಲಿ ನಡೆದು ಬರುವ ಕಾರ್ಮಿಕ ಇವನ್ನು ಗುರುತಿಸಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ‘ನೋವಿಲ್ಲ, ಆದ್ದರಿಂದ ವಿಷವಿಲ್ಲ’ ಎಂಬ ತರ್ಕವೂ ಸಲ್ಲದು. ಕಟ್ಟುಹಾವಿನ ಕಡಿತದಲ್ಲಿ ನೋವಾಗಲಿ ಊತವಾಗಲಿ ಇಲ್ಲದಿರಬಹುದು. ಕೆಲವು ಗಂಟೆಗಳ ಬಳಿಕ ರೆಪ್ಪೆಗಳು ಜೋಲುತ್ತವೆ, ಉಸಿರಾಟ ನಿಲ್ಲುತ್ತದೆ.

ಮೂರು: ಕಚ್ಚಿದ ಮೇಲೆ ಏನು ಮಾಡಬೇಕೆಂಬುದನ್ನು ಈ ಕಾಲಂ ಹೇಳುವುದಿಲ್ಲ. ವೈದ್ಯರು ಚಿಕಿತ್ಸೆ ನಿರ್ಧರಿಸುವುದು ಹಾವಿನ ಹೆಸರೊಂದರಿಂದಲ್ಲ, ರೋಗಿಯ ಲಕ್ಷಣಗಳಿಂದ. ಗಾಜಿನ ಕೊಳವೆಯಲ್ಲಿ ಇಟ್ಟ ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ರೆಪ್ಪೆ, ಉಸಿರಾಟ, ಊತ ಗಮನಿಸುತ್ತಾರೆ. ಲಕ್ಷಣಗಳಿಲ್ಲದಿದ್ದರೂ 24 ಗಂಟೆ ನಿಗಾದಲ್ಲಿ ಇರಿಸುತ್ತಾರೆ. ಕುದುರೆಯ ರಕ್ತದಿಂದ ತಯಾರಿಸುವ ಪ್ರತಿವಿಷ ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡಬಲ್ಲದು. ಹಸಿರುಹಾವಿನ ಕಡಿತಕ್ಕೆ ಅದನ್ನು ಕೊಡುವುದರಿಂದ ಪ್ರಯೋಜನವಿಲ್ಲ, ಹಾನಿಯಾಗಬಹುದು. ‘ಏನೂ ಆಗದು’ ಎಂದು ಮನೆಯಲ್ಲಿ ಕುಳಿತರೂ ತಪ್ಪು, ‘ಇಂಜೆಕ್ಷನ್ ಕೊಟ್ಟುಬಿಡಿ’ ಎಂದು ವೈದ್ಯರನ್ನು ಒತ್ತಾಯಿಸಿದರೂ ತಪ್ಪು.

ಇದು ಬರಿಯ ಪದಗಳ ಚರ್ಚೆಯಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಜಾಲಹಳ್ಳಿಗೆ ದೂರವಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ನಾಲ್ಕು ಹಾವುಗಳ ಪಟ್ಟಿಯ ಆಚೆಗಿನ ಕೆಲವು ಹಾವುಗಳ ವಿಷಕ್ಕೆ ಈಗಿನ ಪ್ರತಿವಿಷ ಸಾಲದೆಂದು 2019ರಲ್ಲಿ ತೋರಿಸಿದರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಪ್ರಕರಣಗಳು ಹಾವಿನ ಗುರುತಿನೊಡನೆ ದಾಖಲಾದರೆ ನಡುವಿನ ಕಾಲಂ ಎಷ್ಟು ಸರಿ ಎಂಬುದಕ್ಕೆ ನಮ್ಮದೇ ಪುರಾವೆ ದೊರೆಯುತ್ತದೆ.

ಪಟವನ್ನು ಗೋಡೆಯಿಂದ ಇಳಿಸಬೇಕಿಲ್ಲ, ತಿದ್ದಿದರೆ ಸಾಕು. ನಡುವಿನ ಕಾಲಂನ ಕೆಳಗೆ ಹೀಗೆ ಬರೆಯಬಹುದು: ‘ಇವುಗಳ ಕಡಿತ ಸಾಮಾನ್ಯವಾಗಿ ಪ್ರಾಣಾಂತಿಕವಲ್ಲ, ಇವನ್ನು ಕೊಲ್ಲಬೇಡಿ, ಹಿಡಿಯಲೂ ಬೇಡಿ. ಯಾವ ಹಾವು ಕಚ್ಚಿದರೂ ಉಂಗುರ, ಗಡಿಯಾರ ತೆಗೆಯಿರಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಹೋಗಿ.’ ಇಷ್ಟು ಬರೆದರೆ ಹಾವೂ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ.