ಕಲ್ಲು ಬಿದ್ದ ಪರದೆ: ‘ವಿಗತಕುಮಾರನ್’ ಮತ್ತು ಮೂಲದ ಪ್ರಶ್ನೆ

ಮಲಯಾಳದ ಮೊದಲ ಸಿನಿಮಾ ‘ವಿಗತಕುಮಾರನ್’ ಎಂಬ ಮೂಕಿ ಚಿತ್ರ. ಅದರ ಪ್ರಿಂಟ್ ಇಲ್ಲ, ಅದರ ಬಗೆಗಿನ ಜಗಳ ಮಾತ್ರ ಇನ್ನೂ ಇದೆ. ತಿರುವನಂತಪುರದ ಕ್ಯಾಪಿಟಲ್ ಥಿಯೇಟರಿನಲ್ಲಿ ಅದು ತೆರೆಕಂಡದ್ದು 1928ರ ನವೆಂಬರ್ 7ರಂದು ಎಂದು ಬಹುಕಾಲ ನಂಬಲಾಗಿತ್ತು. ಅಲ್ಲ, 1930ರ ಅಕ್ಟೋಬರ್ 23 ಎಂದು ಹಳೆಯ ಕರಪತ್ರ ಮುಂದಿಟ್ಟವರು ಆಮೇಲೆ ವಾದಿಸಿದರು. ತಯಾರಿಸಿದ ಜೆ.ಸಿ. ಡೇನಿಯಲ್ ಅಗಸ್ತೀಶ್ವರದ ಕಡೆಯವರು, ಅಂದರೆ ತಮಿಳರು, ಮಾತೇ ಇಲ್ಲದ ಚಿತ್ರ ಮಲಯಾಳದ್ದು ಹೇಗಾಗುತ್ತದೆ ಎಂದು ಸರ್ಕಾರಿ ಮಂದಿ ಕೇಳಿದ್ದೂ ಆಯಿತು. ಆಸ್ತಿ ಮಾರಿ ಸಿನಿಮಾ ಮಾಡಿದ ಡೇನಿಯಲ್ 1975ರಲ್ಲಿ ಬಡತನದಲ್ಲೇ ಸತ್ತರು. 1992ರಲ್ಲಿ ಅವರ ಹೆಸರಿನ ಪ್ರಶಸ್ತಿ ಬಂತು, ‘ಮಲಯಾಳ ಸಿನಿಮಾದ ಪಿತ’ ಎಂಬ ಬಿರುದೂ ಗಟ್ಟಿಯಾಯಿತು.

ಪಿತನ ಹುಡುಕಾಟ ಮುಗಿದ ಮೇಲೆ ಚರಿತ್ರೆಕಾರರಿಗೆ ಸಮಾಧಾನವಾದಂತೆ ಕಾಣುತ್ತದೆ. ನನಗೆ ಆಗುತ್ತಿಲ್ಲ. ಮೂಲ ಯಾವುದು ಎಂದು ಕೇಳುವಾಗ ಇವರೆಲ್ಲ ಕೇಳುತ್ತಿರುವುದು ದುಡ್ಡು ಹಾಕಿದವರು ಯಾರು, ಕ್ಯಾಮೆರಾ ತಂದವರು ಯಾರು ಎಂಬುದನ್ನು. ಕ್ಯಾಮೆರಾದ ಮುಂದೆ ನಿಂತವಳ ನಟನೆ ಎಲ್ಲಿಂದ ಬಂತು ಎಂದು ಯಾಕೆ ಕೇಳಬಾರದು?

ನಿಂತವಳು ಪಿ.ಕೆ. ರೋಸಿ. ಪುಲಯ ಜಾತಿಯ ಹೆಣ್ಣುಮಗಳು. ಸಿನಿಮಾದಲ್ಲಿ ಅವಳದ್ದು ಸರೋಜಿನಿ ಎಂಬ ನಾಯರ್ ಹೆಣ್ಣಿನ ಪಾತ್ರ. ಅವಳ ಬಗ್ಗೆ ಬರೆಯುವವರೆಲ್ಲ ‘ಹುಲ್ಲು ಕೊಯ್ಯುತ್ತಿದ್ದವಳು ನಾಯಕಿಯಾದಳು’ ಎಂದೇ ಶುರು ಮಾಡುತ್ತಾರೆ. ಹುಲ್ಲು ಕೊಯ್ದದ್ದು ಸುಳ್ಳಲ್ಲ. ಆದರೆ ಈ ವಾಕ್ಯ ಅವಳ ಕಲೆಯನ್ನು ನುಂಗಿ ಹಾಕುತ್ತದೆ. ರೋಸಿ ಅದಕ್ಕೂ ಮುಂಚೆಯೇ ಕಾಕ್ಕಾರಿಶ್ಶಿ ನಾಟಕದಲ್ಲಿ ಪಾತ್ರ ಮಾಡುತ್ತಿದ್ದವಳು. ಗಂಡಸರೇ ಹೆಣ್ಣುವೇಷ ಕಟ್ಟುತ್ತಿದ್ದ ಆಟದೊಳಕ್ಕೆ ನುಗ್ಗಿದ ಹೆಂಗಸು. ಬೊಂಬಾಯಿಯಿಂದ ಕರೆಸಿದ ನಟಿ ಹೊಂದಿಕೊಳ್ಳದೆ ಹೊರಟುಹೋದ ಮೇಲೆ ಸಹನಟ ಜಾನ್ಸನ್ ಇವಳನ್ನು ಡೇನಿಯಲ್‌ಗೆ ತೋರಿಸಿದ್ದು ನಟಿಯೆಂದೇ ಹೊರತು ಹುಲ್ಲಿನ ಹೊರೆಯವಳೆಂದಲ್ಲ.

ಕಾಕ್ಕಾರಿಶ್ಶಿಯಲ್ಲಿ ಶಿವ ಪಾರ್ವತಿಯರು ಕಾಕ್ಕಾಲನ್, ಕಾಕ್ಕಾತಿಯಾಗಿ ಭೂಮಿಗೆ ಇಳಿದು ಬರುತ್ತಾರೆ. ಊರೂರು ಅಲೆಯುವ, ಕಣಿ ಹೇಳುವ ಜನರ ವೇಷ. ನಮ್ಮ ಕೊರವಂಜಿಯ ಹಾಗೆ ಅನ್ನಿ. ಪಾರ್ವತಿ ಕೆಳಜಾತಿಯ ವೇಷ ಹಾಕಬಹುದು, ಯಾರಿಗೂ ಮೈಲಿಗೆಯಾಗುವುದಿಲ್ಲ. ಪುಲಯರ ಹೆಂಗಸು ನಾಯರ್ ವೇಷ ಹಾಕಿದರೆ ಕಲ್ಲು. ದೇವರನ್ನು ಆಡಿದರೆ ಸಹಿಸುವ ಸಮಾಜ ನೆರೆಮನೆಯ ಯಜಮಾನಿಯನ್ನು ಆಡಿದರೆ ಸಹಿಸುವುದಿಲ್ಲ. ಜಾತಿಯ ಭಕ್ತಿ ಯಾರ ಮೇಲೆ ಅನ್ನುವುದು ಇಲ್ಲೇ ಗೊತ್ತಾಗುತ್ತದಲ್ಲವಾ?

ಕಲ್ಲು ಬಿದ್ದ ಕತೆ ಎಲ್ಲರಿಗೂ ಗೊತ್ತು. ನಾಯಕ ಅವಳ ಮುಡಿಯ ಹೂವನ್ನು ತೆಗೆದು ಮುತ್ತಿಟ್ಟ ದೃಶ್ಯಕ್ಕೆ ಸಭಿಕರು ಎದ್ದರು, ಪರದೆ ಹರಿಯಿತು, ಮುಂದೆ ಅವಳ ಗುಡಿಸಲಿಗೆ ಬೆಂಕಿ ಬಿತ್ತು ಎನ್ನುತ್ತಾರೆ. ಉದ್ಘಾಟನೆಗೆ ಬಂದ ದೊಡ್ಡವರು ಅವಳಿದ್ದರೆ ತಾವು ಬರುವುದಿಲ್ಲ ಎಂದದ್ದರಿಂದ, ತನ್ನದೇ ಸಿನಿಮಾದ ಮೊದಲ ಪ್ರದರ್ಶನಕ್ಕೆ ಅವಳು ಒಳಗೆ ಹೋಗಲಾಗಲಿಲ್ಲ ಎಂಬ ಮಾತೂ ಇದೆ. ಇದನ್ನು ಹೊತ್ತಿಕೊಂಡ ಕೋಪವೆಂದು ಬರೆದು ಬಿಟ್ಟರೆ ಸಾಲದು. 1910ರಲ್ಲಿ ಅಯ್ಯಂಕಾಳಿ ಪಂಚಮಿ ಎಂಬ ಪುಲಯರ ಹುಡುಗಿಯನ್ನು ಊರೂಟ್ಟಂಬಲದ ಶಾಲೆಗೆ ಸೇರಿಸಲು ಹೋದಾಗ ಶಾಲೆಯನ್ನೇ ಸುಟ್ಟರು. 1915ರಲ್ಲಿ ಪೆರಿನಾಡಿನಲ್ಲಿ ಪುಲಯ ಹೆಂಗಸರು ಜಾತಿಯ ಗುರುತಾಗಿ ತೊಡಲೇಬೇಕಿದ್ದ ಕಲ್ಲುಸರಗಳನ್ನು ಕಿತ್ತು ಎಸೆದರು. ಅಲ್ಲೂ ಗಲಭೆ, ಬೆಂಕಿ. ಅಂದರೆ ತಿರುವಾಂಕೂರಿನಲ್ಲಿ ಪುಲಯ ಹೆಣ್ಣಿನ ಕೊರಳಲ್ಲಿ ಏನಿರಬೇಕು ಎಂಬುದು ಬೀದಿಯಲ್ಲಿ ತೀರ್ಮಾನವಾಗುತ್ತಿದ್ದ ರಾಜಕೀಯ. ಕಲ್ಲುಸರ ಎಸೆದು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದೇ ಕುಲದ ಒಬ್ಬಳು ಪರದೆಯ ಮೇಲೆ ನಾಯರ್ ಒಡವೆ ತೊಟ್ಟು ನಿಂತಳು. ಕ್ಯಾಪಿಟಲ್ ಥಿಯೇಟರಿನ ಪ್ರೇಕ್ಷಕರು ಕತೆ ನೋಡಲಿಲ್ಲ, ಕೊರಳು ನೋಡಿದರು. ಮೂಕಿ ಚಿತ್ರಕ್ಕೆ ಭಾಷೆ ಇಲ್ಲ ಎಂದ ಅಧಿಕಾರಿಗಳಿಗೆ ಅದರ ಜಾತಿ ಆ ದಿನವೇ ಕೇಳಿಸಿತ್ತು ಅನ್ನುವುದು ಹೊಳೆಯಲಿಲ್ಲ.

ಡೇನಿಯಲ್ ನಾಡಾರ್ ಕ್ರೈಸ್ತರು. ಎದೆ ಮುಚ್ಚುವ ಹಕ್ಕಿಗಾಗಿ 1859ರ ತನಕ ಬಡಿದಾಡಿದ ಹೆಂಗಸರ ಸಮುದಾಯ ಅದು. ಆ ನೆನಪು ಅವರ ಆಯ್ಕೆಯಲ್ಲಿ ಕೆಲಸ ಮಾಡಿರಬಹುದು ಎಂದು ನನಗನ್ನಿಸುತ್ತದೆ.

ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗಿ ಕೇಳಿದಳು: “ಸರ್, ಯಾರೂ ನೋಡೋಕಾಗದ ಸಿನಿಮಾಗೆ ವಿಮರ್ಶೆ ಹೆಂಗ್ ಬರೀತಾರೆ?” ಒಳ್ಳೆಯ ಪ್ರಶ್ನೆ. ಪಠ್ಯ ಮೊದಲು, ವಿಮರ್ಶೆ ಆಮೇಲೆ ಎಂದು ನಮಗೆ ಎಂ.ಎ.ಯಲ್ಲಿ ಕಲಿಸಿದ್ದರು. ಇಲ್ಲಿ ಪಠ್ಯ ಹೋಗಿದೆ, ಪ್ರೇಕ್ಷಕನ ಪ್ರತಿಕ್ರಿಯೆ ಉಳಿದಿದೆ. ದಲಿತ ವಿಮರ್ಶೆಗೆ ಇದು ಹೊಸದೇನಲ್ಲ. ನಮ್ಮವರ ಎಷ್ಟೋ ಹಾಡು, ಆಟ, ಮಾತು ನಮಗೆ ತಿಳಿಯುವುದೇ ಅವುಗಳಿಗೆ ಬಿದ್ದ ದಂಡದಿಂದ, ಬಹಿಷ್ಕಾರದಿಂದ. ಹಾಗಾಗಿ ಆ ಕಲ್ಲನ್ನೇ ಓದಬೇಕು.

ಪ್ರಿಂಟ್ ಕಳೆದದ್ದರಲ್ಲೂ ಜಾತಿ ಹುಡುಕುತ್ತೀಯಾ ಎನ್ನುವವರಿದ್ದಾರೆ. ಮೂಕಿ ಕಾಲದ ಬಹುಪಾಲು ಚಿತ್ರಗಳು ಹೋಗಿವೆ, ನಿಜ. ನಮ್ಮ ಮೊದಲ ಟಾಕಿ ‘ಸತಿ ಸುಲೋಚನ’ (1934) ಕೂಡ ಇಲ್ಲ. ಡೇನಿಯಲ್ ಅವರ ಚಿಕ್ಕ ಮಗನೇ ಆಟಕ್ಕೆ ರೀಲು ಸುಟ್ಟನೆಂದೂ ಹೇಳುತ್ತಾರೆ. ಆದರೆ ಡೇನಿಯಲ್ ಅವರ ಬಂಧು ಸುಂದರರಾಜ್ 1933ರಲ್ಲಿ ತಯಾರಿಸಿದ ‘ಮಾರ್ತಾಂಡವರ್ಮ’ ಉಳಿದಿದೆ. ಅದು ಸಿ.ವಿ. ರಾಮನ್ ಪಿಳ್ಳೆಯವರ ಕಾದಂಬರಿ ಆಧರಿಸಿದ್ದು. ಹಕ್ಕಿನ ವಿಚಾರಕ್ಕೆ ಪ್ರಕಾಶಕರು ಕೋರ್ಟಿಗೆ ಹೋದರು, ಪ್ರಿಂಟ್ ಅವರ ಕೈಸೇರಿತು, 1974ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬಂತು. ರಾಜನ ಕತೆಗೆ ತಕರಾರು ಬಂದಾಗ ಕೋರ್ಟಿತ್ತು, ಗೋದಾಮಿತ್ತು, ಬೀಗವಿತ್ತು. ರೋಸಿಯ ಕತೆಗೆ ತಕರಾರು ಬಂದಾಗ ಇದ್ದದ್ದು ಗುಂಪು. ಎರಡೂ ಆಕಸ್ಮಿಕವೇ ಇರಲಿ. ಆಕಸ್ಮಿಕಗಳೂ ಯಾರ ಕಡೆಗೆ ವಾಲುತ್ತವೆ ನೋಡಿ.

ಕಮಲ್ ಅವರ ‘ಸೆಲ್ಯುಲಾಯ್ಡ್’ (2013) ಈ ಕತೆಯನ್ನು ಮನೆಮನೆಗೆ ಮುಟ್ಟಿಸಿತು, ಒಪ್ಪೋಣ. ಆದರೆ ಅದು ಡೇನಿಯಲ್ ಅವರ ದುರಂತ. ಅಲ್ಲಿನ ರೋಸಿ ಹೆದರಿದವಳು, ಕೃತಜ್ಞಳು. ಅರ್ಧ ದಾರಿಯಲ್ಲಿ ಓಡಿಹೋಗುತ್ತಾಳೆ, ಚಿತ್ರ ಅವಳ ಹಿಂದೆ ಹೋಗುವುದಿಲ್ಲ. ಕಾಕ್ಕಾರಿಶ್ಶಿಯ ಅಂಗಳದಲ್ಲಿ ರಾತ್ರಿಯಿಡೀ ಜನರನ್ನು ಹಿಡಿದು ಕೂರಿಸಬಲ್ಲ ನಟಿಗೆ ಅಷ್ಟು ಅಂಜಿಕೆ ಎಲ್ಲಿಂದ ಬಂತು? 2019ರಲ್ಲಿ ಮಲಯಾಳ ಚಿತ್ರರಂಗದ ಹೆಂಗಸರು ಅವಳ ಹೆಸರಿನಲ್ಲಿ ಫಿಲ್ಮ್ ಸೊಸೈಟಿ ಮಾಡಿಕೊಂಡರು. ‘ತಾಯಿ’ ಎಂಬ ಬಿರುದು ಮಾತ್ರ ಸರ್ಕಾರಿ ಕಾಗದದಲ್ಲಿ ಬರಲಿಲ್ಲ.

ಓಡಿಹೋದ ರೋಸಿ ಲಾರಿ ಹತ್ತಿ ನಾಗರಕೋವಿಲ್ ಸೇರಿದಳು, ಅದರ ಡ್ರೈವರನ್ನೇ ಮದುವೆಯಾದಳು, ಅವನು ಮೇಲ್ಜಾತಿಯವನು, ಅಲ್ಲಿ ಅವಳ ಹೆಸರು ರಾಜಮ್ಮಾಳ್ ಎಂಬುದು ಈಗ ಸಾಮಾನ್ಯವಾಗಿ ಹೇಳುವ ಕತೆ. ಸಿನಿಮಾದ ಮಾತನ್ನು ಅವಳು ಮತ್ತೆ ಎತ್ತಲಿಲ್ಲವಂತೆ. ತೆರೆಯ ಮೇಲೆ ಯಾವ ಪಾತ್ರಕ್ಕೆ ಕಲ್ಲು ಬಿತ್ತೋ ಅದೇ ಪಾತ್ರವನ್ನು ಅವಳು ನಾಗರಕೋವಿಲಿನ ಬೀದಿಯಲ್ಲಿ, ನೀರಿನ ಕಟ್ಟೆಯಲ್ಲಿ, ಗಂಡನ ಕಡೆಯವರ ಮುಂದೆ ದಶಕಗಟ್ಟಲೆ ಆಡಿದಳು. ಯಾರಿಗೂ ಗೊತ್ತಾಗಲಿಲ್ಲ.