25 ಅಡಿಯ ವಿವೇಕ

ಪ್ರವಾಸದ ಸಿದ್ಧತೆಯು ಭೂಪಟವನ್ನು ಬಿಚ್ಚುವುದರಿಂದ ಆರಂಭವಾಗುತ್ತದೆಂಬುದು ಲೋಕರೂಢಿ. ಕಾರಿನಲ್ಲಿ ಹೋಗತಕ್ಕವರಿಗೆ ಆ ರೂಢಿ ಸಲ್ಲುತ್ತದೆ. ಆದರೆ ಅಡುಗೆಮನೆ, ಶಯ್ಯಾಗೃಹ, ಸ್ನಾನಗೃಹಗಳನ್ನು ಒಂದೇ ಚೌಕಟ್ಟಿನ ಮೇಲೆ ಹೊತ್ತು ಸಾಗುವ ಆರ್‌ವಿಯನ್ನೇರಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಕೆಲವು ರಾತ್ರಿಗಳನ್ನು ಕಳೆಯಬೇಕೆಂದು ಬಯಸುವವನು ಮೊದಲು ಕೈಗೆತ್ತಿಕೊಳ್ಳಬೇಕಾದುದು ಅಳತೆಯ ಪಟ್ಟಿಯನ್ನು. ವಾಹನದ ಉದ್ದವೆಷ್ಟೆಂಬುದು ನಿಶ್ಚಯವಾದೊಡನೆ, ಯಾವ ಪಾರ್ಕು, ಯಾವ ಮಾರ್ಗ, ಯಾವ ಬಿಡಾರ, ಎಷ್ಟು ದಿನ ಎಂಬ ಮಿಕ್ಕ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ತಾವಾಗಿಯೇ ಇತ್ಯರ್ಥವಾಗಿಬಿಡುತ್ತವೆ; ಅದು ನಿಶ್ಚಯವಾಗದೆ ಹೂಡಿದ ಯೋಜನೆಯಾದರೋ ಎಷ್ಟೇ ರಮಣೀಯವಾಗಿದ್ದರೂ ಯಾವುದಾದರೊಂದು ಸುರಂಗದ ಬಾಗಿಲಲ್ಲಿ ನಿಂತುಹೋಗುವ ಸಂಭವವುಂಟು.

ಉದ್ದಕ್ಕೆ ಇಷ್ಟು ಮಹತ್ತ್ವ ಬಂದುದೇಕೆಂಬುದನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವೆನಿಸಿದ್ದು 1872ರಲ್ಲಿ. ಆಗ ಅಲ್ಲಿಗೆ ಹೋದವರು ಕುದುರೆಯನ್ನೋ ಕುದುರೆಗಾಡಿಯನ್ನೋ ನಂಬಿ ಹೋದರು. ಇಂತಹ ಉದ್ಯಾನಗಳನ್ನೆಲ್ಲ ಒಂದು ಆಡಳಿತದ ಕೆಳಗೆ ತಂದ ನ್ಯಾಷನಲ್ ಪಾರ್ಕ್ ಸರ್ವಿಸ್ ಹುಟ್ಟಿದ್ದು 1916ರಲ್ಲಿ. ಆ ವೇಳೆಗೆ ಮೋಟಾರು ಕಾರುಗಳು ಬಂದಿದ್ದವು. ಕಾರಿನಲ್ಲಿ ಬಂದ ಜನ ಮನಸ್ಸಿಗೆ ಒಪ್ಪಿದ ಮರದ ಬುಡಕ್ಕೇ ಗಾಡಿಯನ್ನು ನುಗ್ಗಿಸಿ ಡೇರೆ ಹೂಡುತ್ತಿದ್ದರು. ಚಕ್ರಗಳ ಭಾರದಿಂದಲೂ ಕಾಲ್ತುಳಿತದಿಂದಲೂ ನೆಲವು ಗಟ್ಟಿಯಾಗಿ, ಬೇರುಗಳು ಸೊರಗಿ, ಯಾವ ಮರಗಳ ನೆರಳನ್ನು ಅರಸಿ ಜನ ಬರುತ್ತಿದ್ದರೋ ಆ ಮರಗಳೇ ಕ್ಷೀಣಿಸತೊಡಗಿದವು. ಕ್ಯಾಲಿಫೋರ್ನಿಯದ ರೆಡ್‌ವುಡ್ ವನಗಳಲ್ಲಿ ಇದನ್ನು ಕಂಡುಕೊಂಡ ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗತಜ್ಞನು 1930ರ ದಶಕದ ಆದಿಯಲ್ಲಿ ಒಂದು ಪರಿಹಾರವನ್ನು ಸೂಚಿಸಿದನು: ಒಮ್ಮುಖವಾಗಿ ಸುತ್ತಿ ಬರುವ ಕಿರಿದಾದ ರಸ್ತೆ, ಅದರಿಂದ ಓರೆಯಾಗಿ ಒಡೆದ ಪುಟ್ಟ ನಿಲುಗಡೆ, ನಿಲುಗಡೆಯ ಪಕ್ಕದಲ್ಲಿ ಒಂದು ಮೇಜು ಮತ್ತು ಒಂದು ಬೆಂಕಿಗೂಡು, ವಾಹನವು ಅಲ್ಲಿಂದಾಚೆಗೆ ಹೋಗದಂತೆ ಬಂಡೆಯದೋ ದಿಮ್ಮಿಯದೋ ತಡೆ. ಇಂದು ಅಮೆರಿಕದ ಯಾವ ಸಾರ್ವಜನಿಕ ಉದ್ಯಾನದ ಕ್ಯಾಂಪ್‌ಗ್ರೌಂಡಿಗೆ ಹೋದರೂ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಈ ವಿನ್ಯಾಸವೇ. ಪಾರ್ಕ್ ಸರ್ವಿಸಿನ ಸುವರ್ಣೋತ್ಸವವನ್ನು ಗುರಿಯಾಗಿಟ್ಟುಕೊಂಡು 1956ರಿಂದ 1966ರವರೆಗೆ ನಡೆದ ಮಿಷನ್ 66 ಎಂಬ ನಿರ್ಮಾಣಕಾರ್ಯವು ಬಿಡಾರಗಳ ಸಂಖ್ಯೆಯನ್ನು ಬಹಳವಾಗಿ ಹೆಚ್ಚಿಸಿತಾದರೂ, ಆ ದಿನಗಳ ಕಾರು ಮತ್ತು ಚಿಕ್ಕ ಟ್ರೇಲರುಗಳೇ ಅದರ ಮನಸ್ಸಿನಲ್ಲಿದ್ದವು. ಆದುದರಿಂದ 40 ಅಡಿಯ ವಾಹನಕ್ಕೆ ಎಡೆಯಿಲ್ಲವೆಂದು ರೇಂಜರನು ಹೇಳಿದರೆ ಅದನ್ನು ಅಧಿಕಾರಿಯ ಹಟವೆಂದು ಭಾವಿಸಲಾಗದು. ಆ ನಿಲುಗಡೆಯ ಅಳತೆಯನ್ನು ಗೊತ್ತುಮಾಡಿದುದು ಮರದ ಬೇರು.

ಈಗ ಕೆಲವು ಅಂಕಿಗಳನ್ನು ನೋಡೋಣ. ಗ್ರ್ಯಾಂಡ್ ಕ್ಯಾನಿಯನ್ನಿನ ದಕ್ಷಿಣದ ಅಂಚಿನಲ್ಲಿ, ಪಾರ್ಕ್ ಸರ್ವಿಸಿನ ಮೊದಲ ನಿರ್ದೇಶಕ ಸ್ಟೀಫನ್ ಮೇದರನ ಹೆಸರನ್ನು ಹೊತ್ತಿರುವ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ 30 ಅಡಿಗೆ ಮೀರಿದ ವಾಹನಕ್ಕೆ ಅವಕಾಶವಿಲ್ಲ. ಅದರ ನೆರೆಯ ಟ್ರೇಲರ್ ವಿಲೇಜಿನಲ್ಲಿ 50 ಅಡಿಯವರೆಗೆ ಉಂಟು. ಯೊಸೆಮಿಟಿಯ ಕಣಿವೆಯಲ್ಲಿ ಅಪ್ಪರ್ ಪೈನ್ಸ್ ಬಿಡಾರದ ಮಿತಿ 35 ಅಡಿ. ಮಿತಿ 35 ಎಂದೊಡನೆ ಅಲ್ಲಿಯ ಪ್ರತಿಯೊಂದು ನಿಲುಗಡೆಯೂ 35 ಅಡಿಯದೆಂದು ತಿಳಿಯಬಾರದು. ಅದು ಅತ್ಯಂತ ದೊಡ್ಡ ನಿಲುಗಡೆಯ ಮಾತು, ಮಿಕ್ಕವು ಅದಕ್ಕಿಂತ ಕಿರಿದು. ಇನ್ನು ರಸ್ತೆಗಳ ವಿಷಯ. ಗ್ಲೇಸಿಯರ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೆಯಲ್ಲಿ, ಅವಲಾಂಚ್ ಕ್ರೀಕಿನಿಂದ ರೈಸಿಂಗ್ ಸನ್ನಿನವರೆಗಿನ ಪರ್ವತಭಾಗವನ್ನು 21 ಅಡಿಗಿಂತ ಉದ್ದವಾದ ಅಥವಾ ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲವಾದ ವಾಹನವು ಪ್ರವೇಶಿಸಕೂಡದು. ಜಯಾನ್ ಪಾರ್ಕಿನಲ್ಲಿ 1930ರಲ್ಲಿ ಸಿದ್ಧವಾದ, ಒಂದು ಮೈಲಿಗೂ ಮಿಗಿಲಾದ ಸುರಂಗದಲ್ಲಿ, ದೊಡ್ಡ ಆರ್‌ವಿಗಳು ನಡುರಸ್ತೆಯಲ್ಲಿ ಸಾಗಲೆಂದು ಎದುರಿನ ಸಂಚಾರವನ್ನೇ ತಡೆದು ನಿಲ್ಲಿಸುವ ಪದ್ಧತಿ ಬಹುಕಾಲ ನಡೆದುಬಂದಿತು. 2026ರಿಂದ ಅಂತಹ ವಾಹನಗಳನ್ನು ಬೇರೆ ಮಾರ್ಗಕ್ಕೆ ತಿರುಗಿಸುವ ತೀರ್ಮಾನವನ್ನು ಪಾರ್ಕು ಪ್ರಕಟಿಸಿದೆ. ಉದ್ದವನ್ನು ಹೇಳುವಾಗ ಬಂಪರನ್ನೂ, ಹಿಂಬದಿಗೆ ಕಟ್ಟಿದ ಸೈಕಲ್ಲಿನ ಚೌಕಟ್ಟನ್ನೂ ಸೇರಿಸಿ ಹೇಳಬೇಕೆಂಬುದು ಹೊಸಬರಿಗೆ ಮರೆತುಹೋಗುವ ಸಂಗತಿ.

ಇವೆಲ್ಲವನ್ನೂ ತೂಗಿನೋಡಿದರೆ, ಚಾಲಕನ ತಲೆಯ ಮೇಲೊಂದು ಮಂಚವನ್ನು ಚಾಚಿಕೊಂಡಿರುವ ಕ್ಲಾಸ್ ಸಿ ವರ್ಗದ, 25 ಅಡಿಯ ಆಸುಪಾಸಿನ ವಾಹನವೇ ಸಾರ್ವಜನಿಕ ಉದ್ಯಾನಗಳಿಗೆ ಉಚಿತವಾದುದೆಂದು ಹೇಳಲು ನಾನು ಹಿಂದೆಗೆಯೆನು. ಅದರಲ್ಲಿ ನಾಲ್ವರು ಸುಖವಾಗಿ ಮಲಗಬಹುದು. ಸಾಮಾನ್ಯ ಕಾರಿನ ಲೈಸೆನ್ಸೇ ಅದಕ್ಕೆ ಸಾಕು. ಗ್ಲೇಸಿಯರಿನ ಆ ಪರ್ವತರಸ್ತೆಯಂತಹ ಕೆಲವನ್ನು ಬಿಟ್ಟರೆ ಬಹುತೇಕ ರಸ್ತೆಗಳೂ ಬಿಡಾರಗಳೂ ಅದಕ್ಕೆ ತೆರೆದಿರುತ್ತವೆ. ಬಸ್ಸಿನಷ್ಟು ದೊಡ್ಡದಾದ ಕ್ಲಾಸ್ ಎ ವಾಹನದ ವೈಭವವು ಖಾಸಗಿ ಆರ್‌ವಿ ಪಾರ್ಕುಗಳಲ್ಲಿ ಶೋಭಿಸತಕ್ಕದ್ದು.

ಎರಡನೆಯದು ಸ್ಥಳವನ್ನು ಕಾದಿರಿಸುವ ಕಾರ್ಯ. ಮೊದಲು ಛತ್ರವನ್ನು ಗೊತ್ತುಮಾಡಿ ಆಮೇಲೆ ಮುಹೂರ್ತವನ್ನಿಡಿಸುವ ನಮ್ಮ ಪಟ್ಟಣಿಗರಂತೆ, ಇಲ್ಲಿಯೂ ಮೊದಲು ಬಿಡಾರ, ಅನಂತರ ಕಚೇರಿಯ ರಜೆ. ಫೆಡರಲ್ ಸರ್ಕಾರದ ಬಿಡಾರಗಳಲ್ಲಿ ಹೆಚ್ಚಿನವು ರಿಕ್ರಿಯೇಷನ್ ಡಾಟ್ ಗೌ ಎಂಬ ಒಂದೇ ವ್ಯವಸ್ಥೆಯ ಮೂಲಕ, ಬಹುಮಟ್ಟಿಗೆ ಆರು ತಿಂಗಳು ಮುಂಚಿತವಾಗಿ ದೊರೆಯುತ್ತವೆ. ಯೊಸೆಮಿಟಿ ಕಣಿವೆಯ ಸ್ಥಳಗಳು ಐದು ತಿಂಗಳು ಮುಂಚೆ, ತಿಂಗಳ 15ನೆಯ ತಾರೀಖು, ಪೆಸಿಫಿಕ್ ಕಾಲಮಾನದ ಬೆಳಗ್ಗೆ 7 ಗಂಟೆಗೆ ಒಂದು ತಿಂಗಳಿನವು ಒಟ್ಟಿಗೆ ತೆರೆಯುತ್ತವೆ. ಬೇಸಗೆಯ ದಿನಗಳು ನಿಮಿಷಗಳಲ್ಲಿ ತುಂಬಿಹೋಗುವುದು ವಾಡಿಕೆ. ರಾಜ್ಯಗಳ ಪಾರ್ಕುಗಳಿಗೆ ಅವುಗಳದೇ ನಿಯಮಗಳುಂಟು. ಫ್ಲೋರಿಡಾ ತನ್ನ ನಿವಾಸಿಗಳಿಗೆ ಹನ್ನೊಂದು ತಿಂಗಳು ಮುಂಚೆಯೂ ಹೊರಗಿನವರಿಗೆ ಹತ್ತು ತಿಂಗಳು ಮುಂಚೆಯೂ ಬಾಗಿಲು ತೆರೆಯುತ್ತದೆ. ಮೊದಲ ದಿನ ಸ್ಥಳ ಸಿಕ್ಕದೆಂದು ನಿರಾಶರಾಗಬೇಕಾದುದಿಲ್ಲ. ಹೊರಡುವ ದಿನ ಸಮೀಪಿಸಿದಂತೆ ರದ್ದಾಗುವ ಸ್ಥಳಗಳೂ ಹಲವಿರುತ್ತವೆ, ವಾರದ ನಡುವಿನ ದಿನಗಳಲ್ಲಿ ಅವು ದೊರೆಯುವ ಸಂಭವವೂ ಹೆಚ್ಚು. ಮಕ್ಕಳ ಮನೆಗೆ ಬಂದಿರುವ ತಂದೆತಾಯಿಗಳನ್ನು ಕರೆದುಕೊಂಡು ಹೊರಡುವ ಕನ್ನಡಿಗರು ಗಮನಿಸಬೇಕಾದ ಮಾತೊಂದುಂಟು: 62 ವರ್ಷ ತುಂಬಿದವರಿಗೆ ಬಿಡಾರದ ಬಾಡಿಗೆಯನ್ನು ಅರ್ಧಕ್ಕಿಳಿಸುವ ಹಿರಿಯರ ಪಾಸು ಅಲ್ಲಿಯ ಪ್ರಜೆಗಳಿಗೂ ಶಾಶ್ವತ ನಿವಾಸಿಗಳಿಗೂ ಮಾತ್ರ, ಪ್ರವಾಸಿ ವೀಸಾದ ಮೇಲೆ ಬಂದವರಿಗೆ ಅದು ಸಲ್ಲದು.

ಮೂರನೆಯದು ನೀರು, ವಿದ್ಯುತ್ತು, ಕೊಳೆನೀರುಗಳ ಲೆಕ್ಕ. ಖಾಸಗಿ ಆರ್‌ವಿ ಪಾರ್ಕಿನಲ್ಲಿ ನೀರಿನ ನಲ್ಲಿ, ವಿದ್ಯುತ್ತಿನ ಕಂಬ, ಚರಂಡಿಯ ಬಾಯಿ ಮೂರೂ ನಿಲುಗಡೆಯ ಬಳಿಯಲ್ಲೇ ಇರುತ್ತವೆ. ಇವನ್ನು ಹುಕ್‌ಅಪ್ ಎನ್ನುವರು. ರಾಷ್ಟ್ರೀಯ ಉದ್ಯಾನಗಳಲ್ಲಿ ಇದು ಅಪೂರ್ವ. ಯೊಸೆಮಿಟಿಯ ಬಿಡಾರಗಳಲ್ಲಿ ಹುಕ್‌ಅಪ್ ಇಲ್ಲ. ವಿಶಾಲವಾದ ಯೆಲ್ಲೋಸ್ಟೋನಿನಲ್ಲಿ ಮೂರೂ ಇರುವ ತಾಣವು ಫಿಷಿಂಗ್ ಬ್ರಿಜ್ ಒಂದೇ, ಮತ್ತು ಗ್ರಿಜ್ಲಿ ಕರಡಿಗಳು ಸಂಚರಿಸುವ ಪ್ರದೇಶವಾದ್ದರಿಂದ ಗಟ್ಟಿಗೋಡೆಯ ವಾಹನವಲ್ಲದೆ ಬಟ್ಟೆಯ ಗೋಡೆಯುಳ್ಳ ಯಾವುದಕ್ಕೂ ಅಲ್ಲಿ ಪ್ರವೇಶವಿಲ್ಲ. ಆದುದರಿಂದ ಬಿಡಾರಕ್ಕೆ ಬರುವ ಮುನ್ನವೇ ಶುದ್ಧಜಲದ ತೊಟ್ಟಿಯನ್ನು ತುಂಬಿಕೊಂಡು, ಹಿಂದಿನ ಊರಿನ ಡಂಪ್ ಸ್ಟೇಷನ್ನಿನಲ್ಲಿ ಕೊಳೆನೀರಿನ ಎರಡು ತೊಟ್ಟಿಗಳನ್ನೂ ಬರಿದುಮಾಡಿಕೊಂಡು ಬರತಕ್ಕದ್ದು. ಶೌಚದ ತೊಟ್ಟಿಗಿಂತ ಮೊದಲು ತುಂಬುವುದು ಪಾತ್ರೆ ತೊಳೆದ ಮತ್ತು ಮಿಂದ ನೀರಿನ ತೊಟ್ಟಿಯೆಂಬುದನ್ನು, ಕೊಡಗಟ್ಟಲೆ ನೀರಿನಲ್ಲಿ ಸ್ನಾನಮಾಡಿ ಅಭ್ಯಾಸವಾದ ನಮ್ಮವರು ವಿಶೇಷವಾಗಿ ನೆನಪಿನಲ್ಲಿಡಬೇಕು. ವಿದ್ಯುತ್ತಿಗೆ ಜನರೇಟರು ಉಂಟೆಂದು ಧೈರ್ಯ ತಾಳುವಂತಿಲ್ಲ. ಯೊಸೆಮಿಟಿಯಲ್ಲಿ ಅದನ್ನು ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7 ಗಂಟೆಯವರೆಗೆ ಮಾತ್ರ, ಅದೂ ಮಿತವಾಗಿ, ನಡೆಸಬಹುದು. ಕಂಬವಿರುವ ಕಡೆಯಲ್ಲಿಯೂ 120 ವೋಲ್ಟಿನ 30 ಆಂಪಿಯರೆಂದರೆ 3,600 ವ್ಯಾಟು; ಏರ್ ಕಂಡಿಷನರನ್ನೂ ಮೈಕ್ರೊವೇವನ್ನೂ ನೀರು ಕಾಯಿಸುವ ಕೆಟಲನ್ನೂ ಒಟ್ಟಿಗೆ ನಡೆಸಿದರೆ ಕತ್ತಲೆಯೇ ಗತಿ.

ಅಡುಗೆಯ ವಿಷಯದಲ್ಲಿ ಮಾತ್ರ ಕನ್ನಡದ ಮನೆಯವರು ಒಂದು ಹೆಜ್ಜೆ ಮುಂದಿರುವರೆಂದು ಸಂಕೋಚವಿಲ್ಲದೆ ಹೇಳಬಹುದು. ಯೆಲ್ಲೋಸ್ಟೋನಿನ ಸರೋವರವು ಸಮುದ್ರಮಟ್ಟದಿಂದ 7,700 ಅಡಿಗೂ ಮೇಲಿದೆ. ಅಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕುದಿಯುವುದರಿಂದ, ತೆರೆದ ಪಾತ್ರೆಯಲ್ಲಿಟ್ಟ ಬೇಳೆಯು ಗಂಟೆಗಟ್ಟಲೆ ಕುದಿದರೂ ಮೆತ್ತಗಾಗಲು ಮೊಂಡುಹಿಡಿಯುತ್ತದೆ. ಆ ಎತ್ತರದಲ್ಲಿ ನಮ್ಮ ಪ್ರೆಷರ್ ಕುಕ್ಕರಿನಷ್ಟು ಉಪಕಾರಿಯಾದ ಪಾತ್ರೆ ಮತ್ತೊಂದಿಲ್ಲ. ಹುಳಿಪುಡಿ, ಸಾರಿನ ಪುಡಿ, ಹುರಿದ ರವೆ, ಪುಳಿಯೋಗರೆಯ ಗೊಜ್ಜು ಇವನ್ನು ಮನೆಯಲ್ಲೇ ಸಿದ್ಧಪಡಿಸಿ ತಂದರೆ ರುಬ್ಬುವ ಕೆಲಸವೂ, ಅದರೊಡನೆ ವಿದ್ಯುತ್ತಿನ ಚಿಂತೆಯೂ ತಪ್ಪುತ್ತದೆ. ಪಾತ್ರೆಯ ಜಿಡ್ಡನ್ನು ಕಾಗದದಿಂದ ಒರೆಸಿ ತೊಳೆದರೆ ತೊಟ್ಟಿಯೂ ಬೇಗ ತುಂಬದು. ಆದರೆ ಒಗ್ಗರಣೆಯ ಪರಿಮಳಕ್ಕೆ ಮನುಷ್ಯರಂತೆ ಕರಡಿಗಳೂ ಸೋಲುತ್ತವೆ. ಊಟವಾದೊಡನೆ ಹೊರಗಿನ ಮೇಜಿನ ಮೇಲೆ ಒಂದು ತುಣುಕನ್ನೂ ಉಳಿಸದೆ ಒಳಗಿಟ್ಟು ಕಿಟಕಿ ಬಾಗಿಲುಗಳನ್ನು ಭದ್ರಪಡಿಸುವುದು ಅಲ್ಲಿಯ ಶಾಸನ. ಹಾಗೆಯೇ ಸೌದೆಯನ್ನು ಊರಿನಿಂದ ಹೊತ್ತುಕೊಂಡು ಹೋಗಬಾರದು: 2002ರಲ್ಲಿ ಡೆಟ್ರಾಯಿಟಿನ ಬಳಿ ಕಾಣಿಸಿಕೊಂಡ ಎಮರಾಲ್ಡ್ ಆ್ಯಶ್ ಬೋರರ್ ಎಂಬ ದುಂಬಿಯು ರಾಜ್ಯದಿಂದ ರಾಜ್ಯಕ್ಕೆ ಹರಡಿ ಕೋಟಿಗಟ್ಟಲೆ ಮರಗಳನ್ನು ಕೊಂದುದರಲ್ಲಿ ಹೀಗೆ ಸಾಗಿಸಿದ ಸೌದೆಯ ಪಾಲು ದೊಡ್ಡದು.

ಕೊನೆಯದು ದಾರಿಯ ನಡಿಗೆ. ಕಾರಿನಲ್ಲಿ ದಿನಕ್ಕೆ ಕ್ರಮಿಸುವ ದೂರದಲ್ಲಿ ಅರ್ಧವನ್ನು ಆರ್‌ವಿಗೆ ಇಟ್ಟುಕೊಂಡು, ಹಗಲಿನ ಬೆಳಕಿರುವಾಗಲೇ ಬಿಡಾರವನ್ನು ಸೇರುವಂತೆ ಯೋಜಿಸುವುದು ಕ್ಷೇಮ. ಮೈನೆಕೆಯ ಆ ಓರೆಯ ನಿಲುಗಡೆಗೆ ಕತ್ತಲಲ್ಲಿ ಹಿಮ್ಮುಖವಾಗಿ ವಾಹನವನ್ನು ಹೊಗಿಸುವುದು ದಾಂಪತ್ಯಕ್ಕೂ ಒಳ್ಳೆಯದಲ್ಲ. ಒಂದು ವಾರದಲ್ಲಿ ಐದು ಪಾರ್ಕುಗಳೆಂದು ಲೆಕ್ಕವಿಡದೆ, ಎರಡನ್ನಾರಿಸಿ ಒಂದೊಂದರಲ್ಲಿ ಮೂರು ರಾತ್ರಿ ತಂಗತಕ್ಕದ್ದು. ಜಯಾನ್, ಯೊಸೆಮಿಟಿ, ಗ್ರ್ಯಾಂಡ್ ಕ್ಯಾನಿಯನ್ನುಗಳಲ್ಲಿ ಪಾರ್ಕಿನ ಷಟಲ್ ಬಸ್ಸುಗಳು ಓಡುತ್ತವೆ. ಜಯಾನ್ ಕಣಿವೆಯ ಒಳರಸ್ತೆಯಲ್ಲಿ 2000ರಿಂದೀಚೆಗೆ ಬಸ್ಸಿನ ಕಾಲದಲ್ಲಿ ಖಾಸಗಿ ವಾಹನಗಳಿಗೆ ಸಾಮಾನ್ಯವಾಗಿ ಪ್ರವೇಶವೇ ಇಲ್ಲ. ವಾಹನವನ್ನು ಬಿಡಾರದಲ್ಲಿ ನಿಲ್ಲಿಸಿ, ಬಸ್ಸಿನಲ್ಲಿ ಹೋಗಿ, ಕಾಲ್ನಡಿಗೆಯಲ್ಲಿ ಅಲೆದು, ಮಧ್ಯಾಹ್ನ ಮನೆಯ ಊಟಕ್ಕೆ ಹಿಂದಿರುಗುವ ಸೌಖ್ಯವೇ ಆರ್‌ವಿ ಕೊಡಬಲ್ಲ ಸೌಖ್ಯಗಳಲ್ಲಿ ಶ್ರೇಷ್ಠವಾದುದು. ದಿನವೆಲ್ಲ ಚಕ್ರ ತಿರುಗಿಸುವುದಾದರೆ ಕಾರೂ ಹೋಟೆಲೂ ಇದಕ್ಕಿಂತ ಅಗ್ಗ.

ಮುಂದಿನ ಬೇಸಗೆಯ ಆಲೋಚನೆಯಲ್ಲಿರುವ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಬಾಡಿಗೆಯ ಕಂಪನಿಗೆ ಮುಂಗಡವನ್ನು ಕೊಡುವ ಮೊದಲು, ನೀವು ತಂಗಲು ಬಯಸಿದ ನಿಲುಗಡೆಯ ಉದ್ದವೆಷ್ಟೆಂದು ಓದಿ ಬರೆದಿಟ್ಟುಕೊಳ್ಳಿರಿ, ವಾಹನವು ಅದಕ್ಕಿಂತ ಎರಡಡಿ ಕಡಮೆಯಿರಲಿ.